ಬೆಂಗಾವಲಿಗೆ ಹೊರಟ ‘ಬೆಂಗಾಲ್’

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ನಕ್ಷೆಗಳ ಬದಲು ಇಲ್ಲಿ ಅಂಕಿಗಳನ್ನೇ ಕೊಟ್ಟಿದೆ.)

ಬೆಂಗಾವಲು ಎಂದರೆ ಬೆನ್ನಿನ ಕಾವಲು. ಸಮುದ್ರದಲ್ಲಿ ಮಾತ್ರ ಈ ಕಾವಲುಗಾರ ಬೆನ್ನ ಹಿಂದೆ ನಿಲ್ಲುವುದು ಕಡಿಮೆ. ಒಂದೇ ಸರಕು ಹಡಗಿಗೆ ಒಂದೇ ಕಾವಲು ಹಡಗು ಇದ್ದರೆ ಅದು ಮುಂದೆ ಹೋಗಿ, ಎಡಕ್ಕೆ ಬಲಕ್ಕೆ ಓಲಾಡುತ್ತ, ನೀರಿನಡಿ ಏನಾದರೂ ಇದೆಯೇ ಎಂದು ಕಿವಿಗೊಟ್ಟು ಸಾಗುತ್ತದೆ. ಈ ಹೊತ್ತು ಮಾತಿಗೆ ಎತ್ತಿಕೊಂಡಿರುವ, ಬ್ರಿಟಿಷರ ಕಾಲದ ಭಾರತೀಯ ನೌಕಾಪಡೆಯ ಹಡಗು ಎಚ್‌ಎಂಐಎಸ್ ಬೆಂಗಾಲ್ ಕೂಡ ಎರಡನೇ ಮಹಾಯುದ್ಧದ ನಡುವೆ, 1942ರ ನವೆಂಬರಿನಲ್ಲಿ ಹಾಗೆಯೇ ಹೊರಟಿತ್ತು. ಎದುರಾದ ಶತ್ರು ಮಾತ್ರ ನೀರಿನಡಿ ಇರಲಿಲ್ಲ.

ಈ ಹಡಗಿನ ಬಗ್ಗೆ ಬರೆಯುವವರೆಲ್ಲ ಒಂದು ಹೋಲಿಕೆಯಿಂದ ಶುರು ಮಾಡುತ್ತಾರೆ: 650 ಟನ್ನಿನ ಪುಟ್ಟ ಹಡಗು, 10,400 ಟನ್ನಿನ ಎರಡು ಜಪಾನಿ ದೈತ್ಯರ ಎದುರು. ಹೋಲಿಕೆ ಚೆನ್ನಾಗಿದೆ, ಲೆಕ್ಕ ಸರಿಯಿಲ್ಲ. ಯುದ್ಧನೌಕೆಯ ಟನ್ ಎಂದರೆ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕ. ವ್ಯಾಪಾರಿ ಹಡಗಿನ ಗ್ರಾಸ್ ಟನ್ ತೂಕವೇ ಅಲ್ಲ. ಅದು ಒಳಗಿನ ಜಾಗದ ಅಳತೆ, 100 ಘನ ಅಡಿಗೆ ಒಂದು ಟನ್. ಸೇರಿಗೂ ಮೊಳಕ್ಕೂ ತಾಳೆ ಹಾಕಿದಂತಾಯಿತು. ಹಡಗಿನ ಗಾತ್ರಕ್ಕಿಂತ ಅದರ ಮೇಲೆ ಏನೇನು ಹೇರಿತ್ತು ಎಂದು ಕೇಳಿದರೆ ಅವತ್ತು ನಡೆದದ್ದು ಚೆನ್ನಾಗಿ ಬಿಡಿಸಿಕೊಳ್ಳುತ್ತದೆ.

ಬೆಂಗಾಲ್ ಕಟ್ಟಿದ್ದು ಸಿಡ್ನಿಯ ಕಾಕಟೂ ದ್ವೀಪದ ಹಡಗುಕಟ್ಟೆಯಲ್ಲಿ. 1941ರ ಡಿಸೆಂಬರಿನಲ್ಲಿ ತಳಪಟ್ಟಿ ಇಟ್ಟರು, 1942ರ ಮೇ 28ರಂದು ನೀರಿಗಿಳಿಸಿದರು, ಆಗಸ್ಟ್ 8ಕ್ಕೆ ಅದು ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು. ಒಟ್ಟು ಎಂಟು ತಿಂಗಳು. ಇಷ್ಟು ಬೇಗ ಮುಗಿಯಲು ಕಾರಣ ಅದರ ವಿನ್ಯಾಸ. ‘ಬ್ಯಾಥರ್ಸ್ಟ್’ ವರ್ಗ ಎಂದು ಕರೆಯುವ ಈ ಮಾದರಿಯ 60 ಹಡಗುಗಳನ್ನು ಆಸ್ಟ್ರೇಲಿಯಾ ಕಟ್ಟಿತು. 36 ಅವರ ಸ್ವಂತಕ್ಕೆ, 20 ಬ್ರಿಟನ್ನಿನ ಲೆಕ್ಕದಲ್ಲಿ, ಉಳಿದ ನಾಲ್ಕು ಭಾರತಕ್ಕೆ: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಉದ್ದ 186 ಅಡಿ, ಅಂದರೆ ಸುಮಾರು 57 ಮೀಟರ್. ನಮ್ಮ ಐದು ಸರ್ಕಾರಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು. ಅಗಲ 31 ಅಡಿ. ಮುಳುಗಿರುವ ಭಾಗ ಎಂಟೂವರೆ ಅಡಿ ಮಾತ್ರ, ಹಾಗಾಗಿ ಸಣ್ಣ ಬಂದರಿಗೂ ನುಗ್ಗಬಲ್ಲದು. ಸಿಬ್ಬಂದಿ 85ರ ಆಸುಪಾಸು.

ಎಂಜಿನ್ ಟರ್ಬೈನ್ ಅಲ್ಲ, ಹಳೇ ಕಾಲದ ಟ್ರಿಪಲ್ ಎಕ್ಸ್‌ಪ್ಯಾನ್ಷನ್ ಉಗಿಯಂತ್ರ. ಬಾಯ್ಲರಿನಿಂದ ಬಂದ ಉಗಿ ಮೊದಲು ಸಣ್ಣ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಒತ್ತಡ ಕಳೆದುಕೊಂಡ ಅದೇ ಉಗಿ ಮಧ್ಯಮ ಗಾತ್ರದ ಸಿಲಿಂಡರಿಗೆ, ಅಲ್ಲಿಂದ ಎಲ್ಲಕ್ಕಿಂತ ದೊಡ್ಡದಕ್ಕೆ ಹೋಗಿ, ಕೊನೆಗೆ ಕಂಡೆನ್ಸರಿನಲ್ಲಿ ನೀರಾಗುತ್ತದೆ. ಟರ್ಬೈನಿನ ಅಲಗುಗಳಿಗೂ ಗೇರುಗಳಿಗೂ ಬೇಕಾದ ನಾಜೂಕು ಕೆಲಸ ಇಲ್ಲಿ ಬೇಡ. ರೈಲು ಎಂಜಿನ್ ರಿಪೇರಿ ಮಾಡುವ ಕಾರ್ಖಾನೆಯ ಕೆಲಸಗಾರರಿಗೆ ಇದು ಪರಿಚಯದ ಯಂತ್ರ. ಇದಕ್ಕೆ ತೆರುವ ಬೆಲೆ ವೇಗದಲ್ಲಿ. ಎರಡು ಪ್ರೊಪೆಲ್ಲರ್, ಸುಮಾರು 2,000 ಅಶ್ವಶಕ್ತಿ, ಹೆಚ್ಚೆಂದರೆ 15-16 ನಾಟ್ (ಗಂಟೆಗೆ 28-30 ಕಿಲೊಮೀಟರ್). ನೀರಿನ ಮೇಲೆ ಓಡುವ ಜಲಾಂತರ್ಗಾಮಿಯನ್ನೂ ಇದು ಅಟ್ಟಿ ಹಿಡಿಯಲಾರದು.

ಹಡಗಿನ ಹಿಂಭಾಗವನ್ನೆಲ್ಲ ಎರಡು ಕೆಲಸಗಳ ಸಾಮಾನು ಆಕ್ರಮಿಸಿತ್ತು. ಒಂದು ಮೈನ್ (ಹಡಗು ತಾಗಿದರೆ ಸಿಡಿಯುವ ಸಮುದ್ರದ ಬಾಂಬು) ಗುಡಿಸುವುದು. ವಿಂಚಿನಿಂದ ನೂರಾರು ಮೀಟರ್ ಉಕ್ಕಿನ ಹಗ್ಗವನ್ನು ಹಿಂದಕ್ಕೆ ಬಿಡುತ್ತಾರೆ. ‘ಆಟರ್’ ಎಂಬ ಹಲಗೆ ಗಾಳಿಪಟದಂತೆ ನೀರಿನ ಒತ್ತಡಕ್ಕೆ ಓರೆಯಾಗಿ ಹಗ್ಗವನ್ನು ಪಕ್ಕಕ್ಕೆ ಎಳೆದೊಯ್ಯುತ್ತದೆ, ‘ಕೈಟ್’ ಎಂಬ ಇನ್ನೊಂದು ಹಗ್ಗದ ಬುಡವನ್ನು ಆಳದಲ್ಲಿ ಒತ್ತಿ ಹಿಡಿಯುತ್ತದೆ, ತುದಿ ಎಲ್ಲಿದೆ ಎಂದು ಮೇಲೊಂದು ತೇಲುಬುರುಡೆ ತೋರಿಸುತ್ತದೆ. ತಳಕ್ಕೆ ಕಟ್ಟಿದ ಮೈನಿನ ಸರಪಳಿ ಹಗ್ಗಕ್ಕೆ ಸಿಕ್ಕಿದರೆ ಕಟರ್ ಅದನ್ನು ಕತ್ತರಿಸುತ್ತದೆ. ಮೇಲೆ ತೇಲಿಬಂದ ಮೈನನ್ನು ಬಂದೂಕಿನಿಂದ ಹೊಡೆದು ಮುಳುಗಿಸುತ್ತಾರೆ. ಹಗ್ಗ ಎಳೆಯುವಾಗ ಹಡಗು ಚಟ್ಟನೆ ತಿರುಗುವಂತಿಲ್ಲ. ತಿರುಗಿದರೆ ಆಟರ್ ಮಗುಚಿ, ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಎರಡನೆಯದು ಜಲಾಂತರ್ಗಾಮಿಯ ಬೇಟೆ. ಆಸ್ಡಿಕ್ ಎಂದರೆ ಇಂದಿನ ಸೋನಾರ್‌ನ ಹಿರಿಯಕ್ಕ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಬಿಟ್ಟ ‘ಪಿಂಗ್’ ಎರಡು ಸೆಕೆಂಡಿಗೆ ಮರಳಿದರೆ ಗುರಿ 1,500 ಮೀಟರ್ ದೂರದಲ್ಲಿದೆ. ಅಡಚಣೆ ಇರುವುದು ಹತ್ತಿರ ಹೋದಾಗ. ಶಬ್ದದ ಕಿರಣ ಮುಂದಕ್ಕೆ ಹೋಗುತ್ತದೆಯೇ ಹೊರತು ನೇರ ಕೆಳಗಲ್ಲ. ಹಾಗಾಗಿ ಕೊನೆಯ 150-200 ಮೀಟರಿನಲ್ಲಿ ಪ್ರತಿಧ್ವನಿ ತಪ್ಪಿಹೋಗುತ್ತದೆ, ಅಂದಾಜಿನ ಮೇಲೆ ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್ ಉರುಳಿಸಬೇಕು. ಆ ಪೀಪಾಯಿಯಲ್ಲಿ 130 ಕಿಲೊ ಸ್ಫೋಟಕ. ಸೆಕೆಂಡಿಗೆ ಮೂರು ಮೀಟರಿನಂತೆ ಇಳಿದು 30 ಮೀಟರ್ ತಲುಪಲು ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ 15 ನಾಟಿನ ಹಡಗು 77 ಮೀಟರ್ ಮುಂದೆ ಹೋಗಿರುತ್ತದೆ. ಅದೇ ಹಡಗು ಎಂಟು ನಾಟಿನಲ್ಲಿ ತೆವಳುತ್ತಿದ್ದು, ಎಷ್ಟು ಆಳದಲ್ಲಿ ಸಿಡಿಯಬೇಕೆಂದು ಗೊತ್ತುಮಾಡುವ ಗುಂಡಿಯನ್ನು 15 ಮೀಟರಿಗೆ ತಿರುಗಿಸಿದ್ದರೆ? ಸಿಡಿಯುವ ಹೊತ್ತಿಗೆ ಹಿಂಬದಿ ಸುಮಾರು ಇಪ್ಪತ್ತು ಮೀಟರ್ ದೂರ ಮಾತ್ರ ಹೋಗಿರುತ್ತದೆ. ತನ್ನ ಚುಕ್ಕಾಣಿಯನ್ನು ತಾನೇ ಮುರಿದುಕೊಳ್ಳುವ ದಾರಿ ಇದು.

ಇಷ್ಟೆಲ್ಲ ಇದ್ದೂ, ಮೇಲ್ಮೈಯಲ್ಲಿ ಬರುವ ದೊಡ್ಡ ಹಡಗನ್ನು ಎದುರಿಸಲು ಏನಿತ್ತು? ಮುಂಭಾಗದಲ್ಲಿ ಒಂದು ‘12 ಪೌಂಡರ್’ ತೋಪು. ಈ ವರ್ಗದ ಹಡಗಿಗೆ ನಾಲ್ಕು ಅಂಗುಲದ ತೋಪು ಎಂದು ಲೆಕ್ಕವಿದ್ದರೂ ಯುದ್ಧಕಾಲದ ಅಭಾವದಲ್ಲಿ ಬೆಂಗಾಲ್‌ಗೆ ಸಿಕ್ಕಿದ್ದು ಮೂರು ಅಂಗುಲದ್ದು. ಜೊತೆಗೆ ವಿಮಾನ ಹೊಡೆಯಲು ಒಂದು ಬೋಫೋರ್ಸ್, ಎರಡು ಓರ್ಲಿಕಾನ್. 12 ಪೌಂಡರಿನ ಒಂದು ಗುಂಡು ಆರು ಕಿಲೊಗೂ ಕಡಿಮೆ.

ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್. ಹಡಗು ಹೊಸದು, ಸಿಬ್ಬಂದಿಯೂ ಹೆಚ್ಚುಕಡಿಮೆ ಹೊಸಬರೇ. ನವೆಂಬರ್ 5ರಂದು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಹಿಂದೂ ಮಹಾಸಾಗರದ ನಡುವಿನ ಡಿಯಾಗೊ ಗಾರ್ಸಿಯಾ ದ್ವೀಪದ ಕಡೆಗೆ ಹೊರಟರು. ಜೊತೆಗೆ ‘ಒಂಡಿನಾ’ ಎಂಬ ಡಚ್ ತೈಲ ಹಡಗು, 6,341 ಗ್ರಾಸ್ ಟನ್. ಅದರಲ್ಲಿ ತೈಲ ಇರಲಿಲ್ಲ; ತುಂಬಿಸಿಕೊಂಡು ಬರಲು ಖಾಲಿ ಹೋಗುತ್ತಿತ್ತು. ಈ ‘ಖಾಲಿ’ಯನ್ನು ನೆನಪಿನಲ್ಲಿಡಿ. ಅಧಿಕಾರಿಗಳು ಡಚ್ಚರು, ನಾವಿಕರಲ್ಲಿ ಹೆಚ್ಚಿನವರು ಚೀನೀಯರು, ಹಿಂಬದಿಯ ಒಂದೇ ಒಂದು ನಾಲ್ಕು ಅಂಗುಲದ ತೋಪಿಗೆ ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಸೇರಿದ ತಂಡ. ಆ ತೋಪಿಗೆ ಇದ್ದದ್ದು 32 ಗುಂಡು.

ದೂರ ಎಷ್ಟೆಂದು ನಕ್ಷೆಯ ಮೇಲೆ ಅಳೆದು ನೋಡಬಹುದು. ಇಡೀ ದಾರಿ 2,850 ನಾಟಿಕಲ್ ಮೈಲಿಯ ಆಸುಪಾಸು. ಕದನ ನಡೆದದ್ದು 19 ಡಿಗ್ರಿ 45 ನಿಮಿಷ ದಕ್ಷಿಣ, 92 ಡಿಗ್ರಿ 40 ನಿಮಿಷ ಪೂರ್ವದಲ್ಲಿ. ಅದು ಸರಿಯಾಗಿ ಅರ್ಧ ದಾರಿ. ಆರು ದಿನದ ಓಟಕ್ಕೆ ಸರಾಸರಿ ಹತ್ತು ನಾಟ್ ಬೀಳುತ್ತದೆ. ಹತ್ತಿರದ ನೆಲವೆಂದರೆ ಕೋಕೋಸ್ ದ್ವೀಪಗಳು, ಅವೂ 500 ಮೈಲಿ ಆಚೆ. ಕೂಗಿದರೆ ಓಗೊಡುವವರು ಯಾರೂ ಇಲ್ಲದ ಜಾಗ.

ನವೆಂಬರ್ 11ರ ಮಧ್ಯಾಹ್ನದ ಹೊತ್ತಿಗೆ ಕಂಡದ್ದು ಹೊಕೊಕು ಮಾರು, ಕೆಲ ನಿಮಿಷಗಳಲ್ಲಿ ಅದರ ಹಿಂದೆ ಐಕೊಕು ಮಾರು. ಎರಡೂ ಮೂಲದಲ್ಲಿ ಪ್ರಯಾಣಿಕ-ಸರಕು ಹಡಗುಗಳು. ಜಪಾನಿ ನೌಕಾಪಡೆ ಅವುಗಳ ಮೇಲೆ 14 ಸೆಂಟಿಮೀಟರಿನ ಎಂಟೆಂಟು ತೋಪು, ಟಾರ್ಪಿಡೊ ಕೊಳವೆ, ನೀರಿಗಿಳಿಯುವ ವಿಮಾನ ಕೂಡಿಸಿ ವ್ಯಾಪಾರಿ ಹಡಗುಗಳ ಬೇಟೆಗೆ ಬಿಟ್ಟಿತ್ತು. ವೇಗ 21 ನಾಟ್. ಅದೇ ವರ್ಷ ಅವು ‘ಜೆನೋಟಾ’ ಎಂಬ ಡಚ್ ತೈಲ ಹಡಗನ್ನೂ ‘ಹೌರಾಕಿ’ ಎಂಬ ನ್ಯೂಜಿಲೆಂಡಿನ ಹಡಗನ್ನೂ ಜೀವಂತ ಹಿಡಿದುಕೊಂಡು ಹೋಗಿದ್ದವು. ಒಂಡಿನಾವನ್ನೂ ಹಾಗೆ ಹಿಡಿಯುವ ಆಸೆಯಿಂದಲೇ ಅಷ್ಟು ಹತ್ತಿರ ಬಂದಿರಬೇಕು ಎಂಬುದು ನಮ್ಮ ಊಹೆ. ಹತ್ತು ಕಿಲೊಮೀಟರ್ ಆಚೆ ನಿಂತು ಹೊಡೆದಿದ್ದರೆ ಈ ಕಥೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

14 ಸೆಂಟಿಮೀಟರಿನ ಒಂದು ಗುಂಡು 38 ಕಿಲೊ. ಎಂಟೂ ತೋಪು ಒಂದೇ ಮಗ್ಗುಲಿಗೆ ತಿರುಗದಿದ್ದರೂ, ನಾಲ್ಕು ಒಟ್ಟಿಗೆ ಹಾರಿದರೆ 152 ಕಿಲೊ ಉಕ್ಕು. ಬೆಂಗಾಲ್‌ನಿಂದ ಒಂದು ಸಲಕ್ಕೆ ಹೊರಡುವುದು ಐದೂ ಮುಕ್ಕಾಲು ಕಿಲೊ.

ವಿಲ್ಸನ್ ಒಂಡಿನಾಕ್ಕೆ ಬೇರೆ ದಾರಿ ಹಿಡಿದು ತಪ್ಪಿಸಿಕೊಂಡು, ಆಮೇಲೆ ಗೊತ್ತಾದ ಜಾಗದಲ್ಲಿ ಸೇರಿಕೊಳ್ಳುವಂತೆ ಸೂಚಿಸಿ, ತಾನು ನೇರ ಶತ್ರುವಿನ ಕಡೆಗೇ ತಿರುಗಿದರು. ಇದನ್ನು ಬರೀ ಧೈರ್ಯವೆಂದು ಹೊಗಳಿ ಮುಗಿಸುವವರು ಅದರ ಹಿಂದಿನ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಸಣ್ಣ ತೋಪು ಇರುವವನಿಗೆ ದೂರವೇ ಶತ್ರು. ದೂರದಿಂದ ಗುಂಡು ಎಲ್ಲಿ ಬಿತ್ತೆಂದು ನೀರೆರಚಿದ್ದನ್ನು ನೋಡಿ ತಿದ್ದುತ್ತ ಹೋಗಬೇಕು: ಆಚೆ ಬಿತ್ತು, ಈಚೆ ಬಿತ್ತು, ನಡುವೆ ಹೊಡಿ. ಸಣ್ಣ ಗುಂಡು ಎರಚುವ ನೀರು ಕಾಣುವುದೇ ಕಷ್ಟ. ಹಡಗು ಓಲಾಡುವಾಗ ಗುರಿಯವನು ಏರಿಳಿತದ ಒಂದೇ ಬಿಂದುವಿಗೆ ಕಾದು ಗುಂಡಿ ಒತ್ತಬೇಕು. ಅರ್ಧ ಡಿಗ್ರಿ ತಪ್ಪಿದರೂ ಗುಂಡು ಎಲ್ಲೋ ಹೋಗುತ್ತದೆ. ಮೂರು ಸಾವಿರ ಗಜಕ್ಕೆ ಬಂದರೆ ಹಾರಾಟ ಐದು ಸೆಕೆಂಡಿನ ಮಾತು, ಪಥ ಹೆಚ್ಚುಕಡಿಮೆ ನೇರ. ಇನ್ನೊಂದು ಲಾಭವೂ ಇದೆ. ಮೂತಿ ತೋರಿಸಿ ಬರುವ ಹಡಗಿನ ಅಗಲ 31 ಅಡಿ. ಪಕ್ಕೆ ತೋರಿಸಿದರೆ ಶತ್ರುವಿಗೆ 186 ಅಡಿಯ ಗುರಿ ಸಿಗುತ್ತದೆ.

ಒಂಡಿನಾದ ಕ್ಯಾಪ್ಟನ್ ವಿಲೆಮ್ ಹಾರ್ಸ್‌ಮನ್ ತಪ್ಪಿಸಿಕೊಂಡು ಹೋಗಲು ನೋಡಲಿಲ್ಲ. 12 ನಾಟಿನ ಹಡಗು 21 ನಾಟಿನದರಿಂದ ಎಲ್ಲಿಗೆ ಓಡೀತು? ತನ್ನ ತೋಪಿನಿಂದಲೂ ಹೊಡೆಸತೊಡಗಿದರು. ಹೀಗೆ ಹೊಕೊಕು ಮಾರು ಎರಡು ಕಡೆಯ ಗುರಿಗಳ ನಡುವೆ ಸಿಕ್ಕಿಕೊಂಡಿತು.

ಆಮೇಲೆ ಒಂದು ಗುಂಡು ಹೊಕೊಕು ಮಾರುವಿನ ಬಲ ಪಕ್ಕೆಯ ಟಾರ್ಪಿಡೊ ಕೊಳವೆಯ ಹತ್ತಿರ ಬಿತ್ತು. ಟಾರ್ಪಿಡೊ ಸಿಡಿಯಿತು. ಬೆಂಕಿ ಹಿಂದಕ್ಕೆ ಹಬ್ಬಿ ವಿಮಾನದ ಪೆಟ್ರೋಲಿಗೆ ತಗುಲಿತು. ನಿಜವಾದ ಕ್ರೂಸರಿನಲ್ಲಿ ಮದ್ದಿನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ದಪ್ಪ ತಗಡಿನ ಒಳಗೆ ಇರುತ್ತದೆ. ಒಡಲು ಸಣ್ಣಸಣ್ಣ ಕೋಣೆಗಳಾಗಿ ಒಡೆದಿರುತ್ತದೆ. ಪ್ರಯಾಣಿಕ ಹಡಗಿಗೆ ಅಂಥ ಏರ್ಪಾಡಿಲ್ಲ. ಟಾರ್ಪಿಡೊ, ಪೆಟ್ರೋಲು, ವಿಮಾನ ಎಲ್ಲವೂ ತೆರೆದ ಡೆಕ್ಕಿನ ಮೇಲೆ, ಕವಚವಿಲ್ಲದೆ. ಬೇಟೆಗೆಂದು ಹೇರಿದ ಸಾಮಾನೇ ಒಳಗಿನ ಬೆಂಕಿಪೆಟ್ಟಿಗೆಯಾಯಿತು. ಕೊನೆಯ ದೊಡ್ಡ ಸ್ಫೋಟದ ಹಿಂದೆಯೇ ಹಡಗು ಮುಳುಗಿತು. 354 ಜನರಲ್ಲಿ ಕ್ಯಾಪ್ಟನ್ ಸೇರಿ 76 ಮಂದಿ ಸತ್ತರು.

ಆ ಗುಂಡು ಯಾರದು? ಬೆಂಗಾಲ್‌ನವರು ತಮ್ಮದೆಂದರು, ಒಂಡಿನಾದವರು ತಮ್ಮದೆಂದರು. ಎಂಬತ್ತು ವರ್ಷ ಕಳೆದರೂ ಭಾರತದ ಬರಹಗಳಲ್ಲಿ ಒಂದು ಉತ್ತರ, ಡಚ್ ಬರಹಗಳಲ್ಲಿ ಇನ್ನೊಂದು. ನಮ್ಮ ತೀರ್ಮಾನ ಹೇಳಿಬಿಡುವುದು ಒಳ್ಳೆಯದು: ಗುಂಡು ಬಹುಶಃ ಒಂಡಿನಾದ್ದೇ. ನಾಲ್ಕು ಅಂಗುಲದ ಗುಂಡು 14 ಕಿಲೊ, ಮೂರು ಅಂಗುಲದ್ದರ ಎರಡೂವರೆ ಪಟ್ಟು. ಅದರ ಗುರಿಗಾರರೂ ಅನುಭವಿಗಳು. ಆದರೆ ಬೆಂಗಾಲ್ ಮುಂದೆ ನುಗ್ಗಿ ತೋಪುಗಳ ಗಮನವನ್ನು ಹಂಚದೇ ಇದ್ದಿದ್ದರೆ ಒಂಡಿನಾಕ್ಕೆ ಗುರಿ ತಿದ್ದಿಕೊಳ್ಳಲು ಆ ಕೆಲವು ನಿಮಿಷ ಸಿಗುತ್ತಿರಲಿಲ್ಲ. ಬೆಂಗಾವಲಿನ ಕೆಲಸ ಅದೇ ತಾನೆ.

ಐಕೊಕು ಮಾರು ಈಗ ಹತ್ತಿರವಾಗಿತ್ತು. ಬೆಂಗಾಲ್‌ನ ಮದ್ದುಗುಂಡು ಮುಗಿಯುತ್ತ ಬಂದಿತ್ತು, ಅದಕ್ಕೂ ಪೆಟ್ಟು ಬಿದ್ದಿತ್ತು. ವಿಲ್ಸನ್ ಹೊಗೆಯ ಮರೆಯಲ್ಲಿ ಹಿಂದೆ ಸರಿದರು. ಇಲ್ಲಿ ಡಚ್ಚರ ಅಸಮಾಧಾನ ಇದೆ: ಕಾಯಬೇಕಾದವನೇ ಬಿಟ್ಟುಹೋದ ಎಂದು. ಒಂಡಿನಾಕ್ಕೆ ಗುಂಡುಗಳು ಬಡಿಯುವುದನ್ನು ನೋಡಿದ ವಿಲ್ಸನ್ ಅದು ಹೋಯಿತೆಂದೇ ತಿಳಿದಿದ್ದರು. ಮದ್ದಿಲ್ಲದ ಹಡಗು ನಿಂತಿದ್ದರೆ ಒಂದರ ಬದಲು ಎರಡು ಮುಳುಗುತ್ತಿದ್ದವು, ದಾಳಿಯ ಸುದ್ದಿಯೂ ಯಾರಿಗೂ ತಲುಪುತ್ತಿರಲಿಲ್ಲ. ಹಾಗೆಂದು ಡಚ್ಚರ ನೋವು ಸುಳ್ಳೇನಲ್ಲ, ಏಕೆಂದರೆ ಒಂಡಿನಾ ಮುಳುಗಿರಲಿಲ್ಲ.

ಒಂಡಿನಾದ ಗುಂಡುಗಳೂ ತೀರಿದವು. ಹಡಗು ಬಿಡಲು ಆಜ್ಞೆ ಕೊಟ್ಟ ಹಾರ್ಸ್‌ಮನ್ ಅಲ್ಲೇ ಗುಂಡಿನ ಚೂರಿಗೆ ಸಿಕ್ಕಿ ಸತ್ತರು. ಜನ ಲೈಫ್‌ಬೋಟಿಗೆ ಇಳಿದ ಮೇಲೆ ಐಕೊಕು ಮಾರು ಎರಡು ಟಾರ್ಪಿಡೊ ಹೊಡೆಯಿತು, ಬೋಟುಗಳ ಮೇಲೆ ಮೆಷಿನ್ ಗನ್ ಹಾರಿಸಿತು. ಆಮೇಲೆ ಹೊಕೊಕು ಮಾರುವಿನ ಜನರನ್ನು ಎತ್ತಿಕೊಂಡು, ವಾಲಿ ಉರಿಯುತ್ತಿದ್ದ ಒಂಡಿನಾ ತಾನಾಗಿ ಮುಳುಗುತ್ತದೆಂದು ನಂಬಿ ಹೊರಟುಹೋಯಿತು.

ಇಲ್ಲಿ ಆ ‘ಖಾಲಿ’ ಕೆಲಸಕ್ಕೆ ಬಂತು. ತೈಲ ಹಡಗಿನ ಒಡಲೆಂದರೆ ಸಾಲಾಗಿ ಜೋಡಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಟ್ಯಾಂಕುಗಳು. ಟಾರ್ಪಿಡೊ ಎರಡು-ಮೂರು ಟ್ಯಾಂಕು ಒಡೆದರೂ ಉಳಿದವು ಖಾಲಿ ಕೊಡಗಳಂತೆ ಹಡಗನ್ನು ಎತ್ತಿ ಹಿಡಿಯುತ್ತವೆ. ಎಂಜಿನ್ ಕೋಣೆ ಹಿಂಬದಿಯಲ್ಲಿ ಇರುವುದರಿಂದ ನಡುವೆ ಬಿದ್ದ ಪೆಟ್ಟು ಅದಕ್ಕೆ ತಾಗುವುದಿಲ್ಲ. ಮೊದಲ ಅಧಿಕಾರಿ ರೆವಿಂಕೆಲ್ ಕೆಲವರನ್ನು ಕರೆದುಕೊಂಡು ಮತ್ತೆ ಹಡಗು ಹತ್ತಿದರು. ಎಂಜಿನ್ ಕೆಟ್ಟಿರಲಿಲ್ಲ. ಬಲಕ್ಕೆ ವಾಲಿದ ಹಡಗನ್ನು ನೆಟ್ಟಗೆ ಮಾಡಲು ಎಡಗಡೆಯ ಟ್ಯಾಂಕಿಗೆ ಬೇಕೆಂದೇ ನೀರು ತುಂಬಿಸಬೇಕು. ಕೇಳಲು ವಿಚಿತ್ರ, ಆದರೆ ಹಡಗನ್ನು ಮಗುಚಿ ಹಾಕುವುದು ನೀರಿಗಿಂತ ಹೆಚ್ಚಾಗಿ ನೀರಿನ ಏರುಪೇರು. ತುಂಬಿಸುವುದನ್ನು ಒಂದೇ ಸಲಕ್ಕೆ ಮುಗಿಸುವಂತಿಲ್ಲ; ಅರ್ಧ ತುಂಬಿದ ಟ್ಯಾಂಕಿನ ನೀರು ಅಲೆಗೆ ಕುಲುಕಿ ಆಚೆ ಮಗ್ಗುಲಿಗೆ ಕೆಡವಬಹುದು. ಬೆಂಕಿ ಆರಿಸಿ, ಹಡಗು ನೆಟ್ಟಗಾದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿದರು. ನವೆಂಬರ್ 18ಕ್ಕೆ ಫ್ರೀಮ್ಯಾಂಟಲ್. ಆರು ದಿನದಲ್ಲಿ ಹೋಗಿದ್ದ ದೂರಕ್ಕೆ ಪಕ್ಕೆ ಹರಿದ ಹಡಗಿಗೆ ಹೆಚ್ಚಿಗೆ ಹಿಡಿದದ್ದು ಒಂದು ದಿನ ಮಾತ್ರ.

ಬೆಂಗಾಲ್ ಡಿಯಾಗೊ ಗಾರ್ಸಿಯಾ ಸೇರಿತು. ವಿಲ್ಸನ್‌ಗೆ ಡಿಎಸ್‌ಒ (ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್) ಗೌರವ ಬಂತು, ಭಾರತೀಯ ನಾವಿಕರಿಗೂ ಶೌರ್ಯ ಪದಕಗಳು ಬಂದವು. ಹಾರ್ಸ್‌ಮನ್‌ಗೆ ಮರಣೋತ್ತರವಾಗಿ ಡಚ್ಚರ ಮಿಲಿಟರಿ ವಿಲಿಯಂ ಆರ್ಡರ್. ಇದಾದ ಮೇಲೆ ಹಿಂದೂ ಮಹಾಸಾಗರಕ್ಕೆ ಇಂಥ ವೇಷದ ಬೇಟೆಗಾರರನ್ನು ಕಳಿಸುವುದನ್ನು ಜಪಾನ್ ನಿಲ್ಲಿಸಿತು. ಸಾಗಣೆಯ ಕೆಲಸಕ್ಕೆ ಹೋದ ಐಕೊಕು ಮಾರು 1944ರ ಫೆಬ್ರುವರಿ 17ರಂದು ಪೆಸಿಫಿಕ್ ಸಾಗರದ ಟ್ರಕ್ ಲಗೂನಿನಲ್ಲಿ ಅಮೆರಿಕನ್ ವಿಮಾನಗಳಿಗೆ ಸಿಕ್ಕಿ, ಒಳಗಿದ್ದ ಮದ್ದುಗುಂಡು ಸಿಡಿದು ತುಂಡಾಯಿತು. ಬೆಂಗಾಲ್‌ನ ಮುಂದಿನ ಯುದ್ಧಸೇವೆ ಬೆಂಗಾವಲಿನ ದಿನಚರಿ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸ್ವಾತಂತ್ರ್ಯದ ನಂತರ ಭಾರತದ ಪಾಲಿಗೆ ಉಳಿದು, 1950ರ ಜನವರಿ 26ರಿಂದ ಐಎನ್‌ಎಸ್ ಎಂದಾಗಿ, 1960ರಲ್ಲಿ ಸೇವೆ ಮುಗಿಸಿತು.

ಕೇಳುಗರಿಂದ ಸಾಮಾನ್ಯವಾಗಿ ಬರುವ ಪ್ರಶ್ನೆ ಎರಡು. ಮೊದಲನೆಯದು, ಡೆಪ್ತ್ ಚಾರ್ಜನ್ನು ಆ ದೊಡ್ಡ ಹಡಗಿನ ಮೇಲೆ ಬಳಸಬಹುದಿತ್ತಲ್ಲ ಎಂದು. ಆಗದು. ಅದನ್ನು ಎಸೆಯುವ ಥ್ರೋವರಿನ ಎಟುಕು ನೂರು ಮೀಟರಿಗೂ ಕಡಿಮೆ. ನಿಜ ಹೇಳಬೇಕೆಂದರೆ ಅಂಥ ಕದನದಲ್ಲಿ ಹಿಂಬದಿಯ ಡೆಪ್ತ್ ಚಾರ್ಜುಗಳು ಬೆಂಗಾಲ್‌ಗೇ ಅಪಾಯ. ಹೊಕೊಕು ಮಾರುವಿಗೆ ಟಾರ್ಪಿಡೊ ಏನು ಮಾಡಿತೋ ಅದನ್ನೇ ಒಂದು ಚೂರು ಅಲ್ಲೂ ಮಾಡಬಹುದಿತ್ತು.

ಎರಡನೆಯದು, ಇಂಥ ಹಡಗು ಈಗಲೂ ನೋಡಲು ಸಿಗುತ್ತದೆಯೇ? ಬೆಂಗಾಲ್ ಇಲ್ಲ. ಅದೇ ವರ್ಗದ ‘ಕ್ಯಾಸಲ್‌ಮೇನ್’ ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ಜೆಟ್ಟಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೇಲುತ್ತಿದೆ, ‘ವಯಾಲಾ’ ಎಂಬ ಇನ್ನೊಂದು ದಕ್ಷಿಣ ಆಸ್ಟ್ರೇಲಿಯಾದ ಅದೇ ಹೆಸರಿನ ಊರಿನಲ್ಲಿ ನೆಲದ ಮೇಲಿದೆ. ಮೆಲ್ಬರ್ನಿನ ಕನ್ನಡಿಗರು ಹೋದರೆ ಮೊದಲು ಎಂಜಿನ್ ಕೋಣೆಗೆ ಇಳಿಯಿರಿ. ಸಣ್ಣದು, ಮಧ್ಯಮ, ದೊಡ್ಡದು ಎಂದು ಸಿಲಿಂಡರುಗಳನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ಆಮೇಲೆ ಮೇಲೆ ಬಂದು ಮುಂತುದಿಯಿಂದ ಹಿಂತುದಿಗೆ ನಡೆಯಿರಿ. ಎಂಬತ್ತು ಹೆಜ್ಜೆಗೆ ಹಡಗು ಮುಗಿಯುತ್ತದೆ.